ಬಾಡಿಗೆಯ ಮನೆ, ನಮ್ಮ ಬೀಗದ ಕೈ

ಪರಊರುಗಳಲ್ಲಿರುವ ನಮ್ಮ ಸಂಘ-ಸಂಸ್ಥೆಗಳು ಸದಸ್ಯರ ಪಟ್ಟಿ, ವಂತಿಗೆಯ ಲೆಕ್ಕ, ವಿದ್ಯಾರ್ಥಿವೇತನದ ಅರ್ಜಿ ಮುಂತಾದುವನ್ನು ದಪ್ಪ ಪುಸ್ತಕಗಳಿಂದ ಜಾಲತಾಣಕ್ಕೆ ಏರಿಸತೊಡಗಿರುವುದು ಸಂತೋಷದ ಸಂಗತಿ. ಹಗಲೆಲ್ಲ ಗಲ್ಲೆಯಲ್ಲೋ ಕಚೇರಿಯಲ್ಲೋ ದುಡಿದು, ರಾತ್ರಿ ಕಂಪ್ಯೂಟರ್ ವಿದ್ಯೆ ಕಲಿತ ತರುಣರು ಈ ಸೇವೆಯನ್ನು ಪ್ರತಿಫಲಾಪೇಕ್ಷೆಯಿಲ್ಲದೆ ಮಾಡುತ್ತಿರುವುದು ಇನ್ನಷ್ಟು ಅಭಿಮಾನದ ವಿಷಯ. ಆದರೆ ಈ ಉತ್ಸಾಹದ ನಡುವೆ ಒಂದು ಉಪೇಕ್ಷೆ ನಮ್ಮ ಕಣ್ಣಿಗೆ ಬಿದ್ದಿದೆ. ಅದನ್ನು ಹೇಳದಿದ್ದರೆ ಕರ್ತವ್ಯಲೋಪವಾದೀತು.

ನಮಗೆ ಪರಿಚಿತವಾದ ಒಂದು ಸಂಘ ತನ್ನ ಸದಸ್ಯರ ಪಟ್ಟಿಯನ್ನು ಹೀಗೆಯೇ ಜಾಲತಾಣಕ್ಕೆ ಏರಿಸಿತು. ಮರುದಿನ ನೋಡಿದರೆ ಹೆಸರುಗಳೆಲ್ಲ ಮಾಯ! ಯಾರೂ ಕದ್ದಿರಲಿಲ್ಲ, ಯಂತ್ರವೂ ಕೆಟ್ಟಿರಲಿಲ್ಲ. ಕೆಲಸ ಮಾಡಿದ ತರುಣನ ಶ್ರದ್ಧೆಯಲ್ಲಿಯೂ ಕೊರತೆಯಿರಲಿಲ್ಲ. ತಪ್ಪಿದ್ದುದು ವ್ಯವಸ್ಥೆಯಲ್ಲಿ.

ಆ ತರುಣನು ಬಳಸಿದ್ದುದು ಜಾಂಗೋ ಎಂಬ ಚೌಕಟ್ಟನ್ನು. ಅಮೆರಿಕದ ಕಾನ್ಸಾಸ್ ಪ್ರಾಂತದ ಲಾರೆನ್ಸ್ ಪಟ್ಟಣದ ದಿನಪತ್ರಿಕೆಯೊಂದರ ಕಚೇರಿಯಲ್ಲಿ ಹುಟ್ಟಿ, ೨೦೦೫ರಲ್ಲಿ ಲೋಕಕ್ಕೆ ಮುಕ್ತವಾದ ಸಾಧನವಿದು. ಪತ್ರಿಕೆಯ ಗಡಿಬಿಡಿಯಲ್ಲಿ ಹುಟ್ಟಿದುದರಿಂದ ಕೆಲಸವನ್ನು ಬೇಗ ಮುಗಿಸಿಕೊಡುವ ಗುಣ ಅದಕ್ಕಿದೆ. ಹೊಸ ಕೆಲಸ ಆರಂಭಿಸಿದೊಡನೆ ‘ಸೆಟ್ಟಿಂಗ್ಸ್’ ಎಂಬ ಕಡತವನ್ನು ಅದೇ ಬರೆದುಕೊಡುತ್ತದೆ. ಆದರೆ ಆ ಕಡತ ಮನೆಯಲ್ಲಿ ಕುಳಿತು ಕಲಿಯುವವನಿಗೆ ಯೋಗ್ಯವಾದುದೇ ಹೊರತು ಊರಿಗೆಲ್ಲ ಬಾಗಿಲು ತೆರೆಯುವವನಿಗಲ್ಲ. ಮನೆಯ ಅಡಿಗೆಗೂ ಹೋಟೆಲಿನ ಅಡಿಗೆಗೂ ಇರುವ ಅಂತರವನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕ್ಲೌಡ್ ಎಂದರೆ ಆಕಾಶದಲ್ಲಿರುವ ಮೋಡವಲ್ಲ. ಬೇರೊಬ್ಬರ ಕಟ್ಟಡದಲ್ಲಿ ಬಾಡಿಗೆಗೆ ದೊರೆಯುವ ಕಂಪ್ಯೂಟರು. ಅಮೆಜಾನ್ ಕಂಪನಿ ೨೦೧೬ರಲ್ಲಿ ನಮ್ಮ ಮುಂಬಯಿಯಲ್ಲಿಯೇ ಇಂಥ ವ್ಯವಸ್ಥೆಯನ್ನು ತೆರೆಯಿತು. ಬಾಡಿಗೆಯ ಮನೆಗೆ ಅದರದೇ ನಿಯಮಗಳುಂಟು. ಹೆರೋಕು ಎಂಬ ಕಂಪನಿಯ ಯಂತ್ರಗಳು ದಿನಕ್ಕೊಮ್ಮೆಯಾದರೂ ಹೊಸದಾಗಿ ಆರಂಭವಾಗುತ್ತವೆ. ಆಗ ಅಲ್ಲಿ ಬರೆದಿಟ್ಟ ಕಡತಗಳೆಲ್ಲ ಅಳಿಸಿಹೋಗುತ್ತವೆ. ಜಾಂಗೋ ತಾನಾಗಿ ಕೊಡುವ ಎಸ್‌ಕ್ಯೂಲೈಟ್ ದತ್ತಾಂಶವಾದರೋ ಒಂದು ಕಡತ ಮಾತ್ರ. ಆ ಸಂಘದ ಪಟ್ಟಿ ಅಳಿದುದು ಇಂಥ ನಿಯಮದಿಂದಲೇ. ದತ್ತಾಂಶವನ್ನು ಪೋಸ್ಟ್‌ಗ್ರೆಸ್‌ನಂತಹ ಪ್ರತ್ಯೇಕ ಉಗ್ರಾಣದಲ್ಲಿಟ್ಟು, ಅದರ ಪ್ರತಿಯನ್ನು ಬೇರೆಡೆ ಕಾದಿರಿಸಬೇಕು.

ಎರಡನೆಯದು ‘ಡೀಬಗ್’. ಅದನ್ನು ತೆರೆದಿಟ್ಟರೆ, ತಪ್ಪು ಸಂಭವಿಸಿದಾಗ ಒಳಗಿನ ಬರಹವೆಲ್ಲ ನೋಡುಗನ ಮುಂದೆ ಬಿಚ್ಚಿಕೊಳ್ಳುತ್ತದೆ. ಅಡಿಗೆಮನೆಯ ಗೋಡೆ ಕೆಡವಿ ಗಿರಾಕಿಯನ್ನು ಕೂರಿಸಿದಂತೆ! ಅದನ್ನು ಮುಚ್ಚಿ, ಯಾವ ಹೆಸರಿನ ತಾಣಕ್ಕೆ ಉತ್ತರ ಕೊಡಬೇಕೆಂಬುದನ್ನು ‘ಅಲೌಡ್ ಹೋಸ್ಟ್ಸ್’ ಪಟ್ಟಿಯಲ್ಲಿ ಬರೆಯಬೇಕು. ಮೂರನೆಯದು ‘ಸೀಕ್ರೆಟ್ ಕೀ’. ಇದು ಸಂಘದ ಮೊಹರಿದ್ದಂತೆ; ಪರರ ಕೈಸೇರಿದರೆ ಗುಪ್ತಪದ ಬದಲಿಸುವ ಪತ್ರಕ್ಕೂ ಸುಳ್ಳು ಮುದ್ರೆ ಬಿದ್ದೀತು. ಇದನ್ನೂ ಉಗ್ರಾಣದ ಗುಪ್ತಪದವನ್ನೂ ಕಡತದಲ್ಲಿ ಬರೆಯದೆ, ಯಂತ್ರದ ‘ಎನ್ವಿರಾನ್‌ಮೆಂಟ್’ನಲ್ಲಿ ಬೇರೆಯಾಗಿಡುವುದೇ ಸರಿಯಾದ ಕ್ರಮ. ತಿಜೋರಿಯ ಗುಟ್ಟನ್ನು ಅಡಿಗೆಯ ಪುಸ್ತಕದಲ್ಲಿ ಬರೆದಿಡುವ ಮಾಲಿಕನುಂಟೆ? ಇಂಥ ಲೋಪಗಳಲ್ಲಿ ಹಲವನ್ನು ಎತ್ತಿ ತೋರಿಸುವ ಪರೀಕ್ಷೆಯೂ ಜಾಂಗೋದಲ್ಲಿಯೇ ಉಂಟು. ‘ಚೆಕ್’ ಆದೇಶಕ್ಕೆ ‘ಡಿಪ್ಲಾಯ್’ ಎಂದು ಸೇರಿಸಿದರಾಯಿತು.

ಇದು ತಂತ್ರಜ್ಞರ ವಿಷಯ, ನಮಗೇಕೆ ಎಂದು ಕಾರ್ಯಕಾರಿ ಸಮಿತಿಯ ಹಿರಿಯರು ಕೇಳಬಹುದು. ಈ ಮಾತನ್ನು ನಾವು ಒಪ್ಪಲಾರೆವು. ಬಾಡಿಗೆಯ ಖಾತೆ ತರುಣನ ಸ್ವಂತ ಹೆಸರಿನಲ್ಲಿರುತ್ತದೆ. ಹಣವೂ ಅವನ ಕಿಸೆಯದೇ. ನಾಳೆ ಅವನು ನೌಕರಿಗಾಗಿ ದುಬೈಗೆ ಹೊರಟರೆ ಸಂಘದ ಬಾಗಿಲು ತೆರೆಯುವವರಾರು? ಪುಕ್ಕಟೆ ಜಾಗವನ್ನು ನೆಚ್ಚಿ ಕೂರುವುದೂ ಜಾಣತನವಲ್ಲ. ಹೆರೋಕು ತನ್ನ ಪುಕ್ಕಟೆ ಸೇವೆಯನ್ನು ೨೦೨೨ರ ನವೆಂಬರ್ ೨೮ರಿಂದ ನಿಲ್ಲಿಸಿಬಿಟ್ಟಿತು.

ಆದುದರಿಂದ ಸಂಘಗಳು ಖಾತೆಯನ್ನು ತಮ್ಮ ಹೆಸರಿನಲ್ಲಿಯೇ ತೆರೆಯಲಿ. ಬೀಗದ ಕೈ ಇಬ್ಬರು ಪದಾಧಿಕಾರಿಗಳ ವಶದಲ್ಲಿರಲಿ. ಬಾಡಿಗೆಯ ಹಣ ವಾರ್ಷಿಕ ಆಯವ್ಯಯದಲ್ಲಿ ಕಾಣಲಿ. ಮಹಾಸಭೆಯಲ್ಲಿ ಲೆಕ್ಕಪರಿಶೋಧನೆಯ ಜೊತೆಗೆ ಈ ಪರೀಕ್ಷೆಯ ವರದಿಯನ್ನೂ ಓದಲಿ. ಆ ಪಟ್ಟಿಯಲ್ಲಿರುವುದು ಕೇವಲ ಅಕ್ಷರಗಳಲ್ಲ. ಊರು ಬಿಟ್ಟು ಬಂದು, ಬೆವರಿನ ಹಣದಿಂದ ವಂತಿಗೆ ತೆತ್ತ ನಮ್ಮವರ ಹೆಸರು, ವಿಳಾಸ, ವಿಶ್ವಾಸ. ಮನೆ ಬಾಡಿಗೆಯದಾದರೂ ಅದರೊಳಗಿನ ಒಡವೆ ನಮ್ಮದು. ಅದನ್ನು ಕಾಯುವ ಹೊಣೆಯನ್ನು ಒಬ್ಬ ತರುಣನ ಹೆಗಲಿಗೇರಿಸಿ ಕೈತೊಳೆದುಕೊಳ್ಳುವುದು ಸರ್ವಥಾ ಯೋಗ್ಯವಲ್ಲ.