ತೈಲದ ಮಾತಿಗೆ ಮೊದಲು ಶೇಲ್ ಪರೀಕ್ಷೆಯಾಗಲಿ

ಕಲಬುರಗಿಯಿಂದ ಹುಮನಾಬಾದ್ ದಾರಿ ಹಿಡಿದರೆ ಮಹಾಗಾಂವ, ಕಮಲಾಪುರದುದ್ದಕ್ಕೂ ಸಿಗುವುದು ಎರೆಮಣ್ಣು, ಅದರಡಿ ದಖನ್ನಿನ ಲಾವಾ ಶಿಲೆ. ದಕ್ಷಿಣಕ್ಕೆ ಶಹಾಬಾದ್, ವಾಡಿ, ಸೇಡಂ ಕಡೆ ಹೋದರೆ ಲಾವಾ ಮುಗಿದು ಸುಣ್ಣಕಲ್ಲು ಮೇಲೇಳುತ್ತದೆ. ನಮ್ಮ ಮನೆಗಳ ಫರಸಿ ಕಲ್ಲೂ ಸಿಮೆಂಟ್ ಕಾರ್ಖಾನೆಗಳ ಕಚ್ಚಾವಸ್ತುವೂ ಅದೇ. ಆ ಸುಣ್ಣಕಲ್ಲಿನ ಕೆಳಗೂ ಮೇಲೂ ಇರುವ ಶೇಲ್, ಅಂದರೆ ಹಳೆಯ ಕಡಲಿನ ಕೆಸರು ಗಟ್ಟಿಯಾದ ಪದರಶಿಲೆ, ಮಾತ್ರ ಯಾರ ಲೆಕ್ಕಕ್ಕೂ ಬಂದಿಲ್ಲ.

ತೈಲ ಹುಟ್ಟುವುದು ಇಂಥ ಶೇಲ್‌ನಲ್ಲೇ. ದೇಶದ 26 ಸಂಚಿತ ಶಿಲಾ ಬೇಸಿನ್‌ಗಳ ಸರ್ಕಾರಿ ಪಟ್ಟಿಯಲ್ಲಿ ಈ ಶಿಲೆಗಳು ಸೇರಿರುವ ಕಲಾದಗಿ–ಭೀಮಾ ಬೇಸಿನ್ ಮೂರನೇ ವರ್ಗದಲ್ಲಿದೆ. ಇನ್ನೂ ಶೋಧಿಸಬೇಕಾದ ಪ್ರದೇಶ ಎಂದಷ್ಟೇ ಅದರ ಅರ್ಥ. ಪಟ್ಟಿಯಲ್ಲಿ ಹೆಸರಿರುವುದನ್ನೇ ಹಿಡಿದು ‘ನಮ್ಮಲ್ಲೂ ಎಣ್ಣೆ’ ಎಂದು ಜನರಲ್ಲಿ ಆಸೆ ಹುಟ್ಟಿಸುವುದು ತಪ್ಪು. ‘ಇಷ್ಟು ಹಳೆಯ ಕಲ್ಲಿನಲ್ಲಿ ಏನಿದ್ದೀತು’ ಎಂದು ಕೈಬಿಡುವುದೂ ತಪ್ಪೇ. ಒಮಾನ್ ಮತ್ತು ಪೂರ್ವ ಸೈಬೀರಿಯಾದಲ್ಲಿ ಭೂಮಿಯ ಮೇಲೆ ಗಿಡಮರಗಳೇ ಇಲ್ಲದ ಕಾಲದ ಶಿಲೆಗಳು ತೈಲ ಕೊಟ್ಟಿವೆ. ರಾಜಸ್ಥಾನದ ಬಾಘೇವಾಲಾದಲ್ಲಿ 1991ರಲ್ಲಿ ಸಿಕ್ಕ ಭಾರವಾದ ಕಚ್ಚಾ ತೈಲವೂ ಅಂಥದ್ದೇ ಪುರಾತನ ಪದರಗಳದ್ದು.

ಹಾಗಾದರೆ ಶೇಲ್‌ನಲ್ಲಿ ಪರೀಕ್ಷಿಸಬೇಕಾದ್ದೇನು? ಮೊದಲನೆಯದು ಜೈವಿಕ ಇಂಗಾಲ. ತೂಕದಲ್ಲಿ ಅರ್ಧ ಶೇಕಡಾ ಕೂಡ ಇಲ್ಲದ ಶೇಲ್ ಅನ್ನು ಸಾಮಾನ್ಯವಾಗಿ ತೈಲದ ಮೂಲಶಿಲೆ ಎಂದು ಎಣಿಸುವುದಿಲ್ಲ. ಇಂಗಾಲ ಇದ್ದರೆ ಪುಡಿಯನ್ನು ಆಮ್ಲಜನಕವಿಲ್ಲದೆ ಹಂತಹಂತವಾಗಿ ಕಾಯಿಸುತ್ತಾರೆ. ಸುಮಾರು 300 ಡಿಗ್ರಿಯಲ್ಲಿ ಹೊರಬೀಳುವುದು ಆಗಲೇ ಹುಟ್ಟಿದ್ದ ಹೈಡ್ರೋಕಾರ್ಬನ್, ಆಮೇಲಿನದು ಕೆರೋಜೆನ್, ಅಂದರೆ ಶಿಲೆಯೊಳಗಿನ ಗಟ್ಟಿ ಜೈವಿಕ ದ್ರವ್ಯ, ಒಡೆದು ಬರುವಂಥದ್ದು. ಆ ಎರಡನೇ ಹೊಮ್ಮುವಿಕೆ 435 ಡಿಗ್ರಿಯ ಆಸುಪಾಸಿನಿಂದ ಮೇಲಕ್ಕೆ ತುತ್ತತುದಿ ಮುಟ್ಟಿದರೆ ಶಿಲೆ ತೈಲ ಕೊಡುವಷ್ಟು ಪಕ್ವವಾಗಿದೆ ಎಂದರ್ಥ. ಎಳೆಯ ಶಿಲೆಗಳಲ್ಲಿ ಪಕ್ವತೆಯನ್ನು ಮರದ ತುಣುಕುಗಳ ಹೊಳಪಿನಿಂದಲೂ ಅಳೆಯಬಹುದು. ಭೀಮಾ ಕಡಲಿನ ಕಾಲಕ್ಕೆ ಮರಗಳೇ ಇರಲಿಲ್ಲ, ಇದ್ದದ್ದು ಪಾಚಿ, ಬ್ಯಾಕ್ಟೀರಿಯಾ ಮಾತ್ರ. ಆದ್ದರಿಂದ ಇಲ್ಲಿ ಜೇಡಿ ಖನಿಜಗಳ ಸಾಕ್ಷ್ಯಕ್ಕೆ ಹೆಚ್ಚು ತೂಕ. ಹೂತುಹೋದ ಕೆಸರು ಬಿಸಿಯಾದಂತೆ ಸ್ಮೆಕ್ಟೈಟ್ ಎಂಬ ಜೇಡಿ ಖನಿಜ ಪೊಟ್ಯಾಸಿಯಂ ಹೀರಿಕೊಂಡು ಇಲೈಟ್ ಎಂಬ ಇನ್ನೊಂದು ಖನಿಜವಾಗುತ್ತದೆ. ಆ ಇಲೈಟ್‌ನ ಹರಳು ಎಷ್ಟು ಅಚ್ಚುಕಟ್ಟಾಗಿದೆ ಎಂಬುದು ಎಕ್ಸ್–ರೇಯಲ್ಲಿ ಕಂಡರೆ ಶಿಲೆ ತಿಂದ ಬಿಸಿಯ ಅಂದಾಜು ಸಿಗುತ್ತದೆ. ಕಡಲ ತಳದಲ್ಲಿ ಆಮ್ಲಜನಕ ಇತ್ತೇ, ಜೈವಿಕ ದ್ರವ್ಯ ಕೊಳೆಯದೆ ಉಳಿಯಿತೇ ಎಂಬುದನ್ನು ಮಾಲಿಬ್ಡಿನಂ, ವೆನೇಡಿಯಂ, ಯುರೇನಿಯಂಗಳ ಪ್ರಮಾಣ ಹೇಳುತ್ತದೆ.

ನನ್ನ ಅಂದಾಜಿನಲ್ಲಿ ಭೀಮಾದ ದೊಡ್ಡ ತೊಡಕು ದಪ್ಪದ್ದು. ಹೊರಗೆ ಕಾಣುವ ಭೀಮಾ ಶಿಲೆಗಳ ಒಟ್ಟು ದಪ್ಪ ಕೆಲವು ನೂರು ಮೀಟರ್. ತೈಲ ಬೇಯಲು ಸಾಧಾರಣವಾಗಿ 2ರಿಂದ 4 ಕಿಲೋಮೀಟರ್ ಆಳ ಬೇಕು. ಮೇಲೆ ಹಿಂದೊಮ್ಮೆ ಬೇರೆ ಪದರಗಳಿದ್ದು ಸವೆದುಹೋಗಿದ್ದವೇ ಎಂಬುದಕ್ಕೂ ಇಲೈಟ್ ಉತ್ತರ ಕೊಡಬಲ್ಲದು.

ಆದರೆ ಈ ಪರೀಕ್ಷೆಗಳಿಗೆ ಮಳೆಬಿಸಿಲಿಗೆ ಬಿದ್ದ ಹೊಲದ ಕಲ್ಲು ಸಾಲದು. ಅದರ ಇಂಗಾಲ, ಪೈರೈಟ್ ಎರಡೂ ಗಾಳಿಗೆ ಉತ್ಕರ್ಷಣೆಗೊಂಡು ಹೋಗಿರುತ್ತವೆ. ಬೇಕಾದದ್ದು ಕೋರ್, ಅಂದರೆ ಆಳದಿಂದ ಕೊರೆದು ತೆಗೆದ ಶಿಲೆಯ ಕಂಬ. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಅಣು ಖನಿಜ ನಿರ್ದೇಶನಾಲಯ ಯುರೇನಿಯಂಗಾಗಿ ಈ ಶಿಲೆಗಳನ್ನೇ ಕೊರೆದಿದೆ, ಅಲ್ಲಿನ ಅದಿರಿನ ಜೊತೆ ಪೈರೈಟ್ ಮತ್ತು ಇಂಗಾಲಯುಕ್ತ ದ್ರವ್ಯವೂ ಕಂಡಿದೆ. ಆ ಇಂಗಾಲ ಶೇಲ್‌ನಿಂದ ಹರಿದು ಬಂದದ್ದೇ ಎಂಬ ಪ್ರಶ್ನೆಯೊಂದೇ ಸಾಕು, ಕೋರ್‌ಗಳನ್ನು ಮತ್ತೆ ತೆರೆಯಲು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ವಿಭಾಗವಿದೆ. ಆ ಕೋರ್‌ಗಳ ತುಣುಕು ಅಲ್ಲಿನ ವಿದ್ಯಾರ್ಥಿಗಳ ಕೈಗೆ ಬರಬೇಕು, ಫಲಿತಾಂಶ ಬಹಿರಂಗವಾಗಬೇಕು. ಶೇಲ್‌ನ ಯುರೇನಿಯಂ ಲೆಕ್ಕ ತೈಲಕ್ಕೆ ಬಾರದಿದ್ದರೂ ಕೊಳವೆಬಾವಿಯ ನೀರು ಕುಡಿಯುವ ಊರುಗಳಿಗೆ ಬೇಕೇ ಬೇಕು.

ಉಳಿದದ್ದು, ಭೀಮಾ ಶಿಲೆಗಳು ಲಾವಾದಡಿ ಎಷ್ಟು ದೂರ ಚಾಚಿವೆ ಎಂಬ ಪ್ರಶ್ನೆ. 1993ರ ಭೂಕಂಪದ ನಂತರ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಕೊರೆದಾಗ ಸುಮಾರು 338 ಮೀಟರ್ ಲಾವಾ, ಕೆಲವೇ ಮೀಟರ್ ಸಂಚಿತ ಶಿಲೆ, ಅದರಡಿ ನೇರ ಹಳೆಯ ತಳಶಿಲೆ ಸಿಕ್ಕಿತ್ತು. ಭೀಮಾ ಶಿಲೆಗಳು ಅಲ್ಲಿಗೆ ಮುಟ್ಟಿಲ್ಲವಾದರೆ ಎಲ್ಲಿ ಮುಗಿಯುತ್ತವೆ? ಲಕ್ಷಾಂತರ ಎಕರೆಯಲ್ಲಿ ತೈಲ ಶೋಧಕ್ಕೆ ಪರವಾನಗಿ ಕೊಡುವ ಮೊದಲು ಮಹಾಗಾಂವ ಸುತ್ತ ಲಾವಾ ದಾಟಿ ತಳಶಿಲೆ ಮುಟ್ಟುವ ಒಂದು ಸಣ್ಣ ವ್ಯಾಸದ ಕೋರ್ ಕೊರೆತಕ್ಕೆ ಸರ್ಕಾರ ಹಣ ಕೊಡಲಿ.