ಗೃಹರಕ್ಷಕರು ಹಾಗೂ ಪೌರರಕ್ಷಣಾ ಸ್ವಯಂಸೇವಕರ ನಿವೃತ್ತಿ ವೇತನ: ಲಭ್ಯವಿರುವ ಆಯ್ಕೆಗಳು

ಅಗ್ನಿ ಅನಾಹುತ, ಪ್ರವಾಹ, ಜಾತ್ರೆ ಹಾಗೂ ಚುನಾವಣೆಯಂತಹ ಸಂದರ್ಭಗಳಲ್ಲಿ ಗೃಹರಕ್ಷಕರು ಮತ್ತು ಪೌರರಕ್ಷಣಾ ಸ್ವಯಂಸೇವಕರು ಅಗ್ನಿಶಾಮಕ ಹಾಗೂ ಪೊಲೀಸ್ ಸಿಬ್ಬಂದಿಯ ನೆರವಿಗೆ ನಿಲ್ಲುತ್ತಾರೆ. ಸೇವೆಯ ನಂತರ ತಮಗೂ ನಿವೃತ್ತಿ ವೇತನ ದೊರೆಯುವುದೇ ಎಂಬುದು ಇವರಲ್ಲಿ ಅನೇಕರ ಪ್ರಶ್ನೆ. ಈ ಕುರಿತು ವಸ್ತುಸ್ಥಿತಿಯನ್ನು ಕೆಳಕಂಡಂತೆ ವಿವರಿಸಲಾಗಿದೆ.

1. ಖಾಯಂ ಸಿಬ್ಬಂದಿ ಮತ್ತು ಸ್ವಯಂಸೇವಕರು

ಕರ್ನಾಟಕದ ಅಗ್ನಿಶಾಮಕ ಸಿಬ್ಬಂದಿ ರಾಜ್ಯ ಸರ್ಕಾರಿ ನೌಕರರು. 1-4-2006ಕ್ಕೆ ಮೊದಲು ಸೇವೆಗೆ ಸೇರಿದವರಿಗೆ ಹಳೆಯ ಪಿಂಚಣಿ ಯೋಜನೆಯೂ ನಂತರ ಸೇರಿದವರಿಗೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯೂ ಅನ್ವಯಿಸುತ್ತವೆ. ಸದರಿ ದಿನಾಂಕಕ್ಕೆ ಮೊದಲೇ ನೇಮಕಾತಿ ಅಧಿಸೂಚನೆ ಹೊರಡಿಸಲಾಗಿದ್ದು, ತದನಂತರ ಸೇವೆಗೆ ಸೇರಿದ ನೌಕರರಿಗೆ ಹಳೆಯ ಯೋಜನೆಯನ್ನು ಆಯ್ಕೆ ಮಾಡಿಕೊಳ್ಳಲು 2024ರ ಜನವರಿಯಲ್ಲಿ ಅವಕಾಶ ನೀಡಲಾಯಿತು. ಈ ಆದೇಶವು ಸರ್ಕಾರಿ ನೌಕರರಿಗೆ ಮಾತ್ರ ಸಂಬಂಧಿಸಿದ್ದು, ಇದರ ಆಧಾರದ ಮೇಲೆ ಗೃಹರಕ್ಷಕರು ಅರ್ಜಿ ಸಲ್ಲಿಸಲು ಅವಕಾಶವಿರುವುದಿಲ್ಲ. ಕರ್ನಾಟಕ ಗೃಹರಕ್ಷಕರ ಕಾಯ್ದೆ, 1962ರ ಅಡಿ ರಚಿತವಾದ ದಳದ ಸದಸ್ಯರು ಪಡೆಯುವುದು ಕರ್ತವ್ಯ ಭತ್ಯೆಯೇ ಹೊರತು ವೇತನವಲ್ಲ.

2. 2015ರ ತೀರ್ಪಿನ ಪರಿಣಾಮ

ಹಿಮಾಚಲ ಪ್ರದೇಶ ಮತ್ತಿತರ ರಾಜ್ಯಗಳ ಗೃಹರಕ್ಷಕರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಸೇವೆಯನ್ನು ಖಾಯಂಗೊಳಿಸುವ ಕೋರಿಕೆಯನ್ನು ಒಪ್ಪಲಿಲ್ಲ. ಆದರೆ 30 ದಿನಗಳ ಭತ್ಯೆಯ ಮೊತ್ತವು ಪೊಲೀಸ್ ಸಿಬ್ಬಂದಿಯ ಕನಿಷ್ಠ ವೇತನಕ್ಕೆ ಸಮನಾಗಿರಬೇಕೆಂದು ತಿಳಿಸಿತು. ಹೀಗೆ ದುಡಿಮೆಯ ದಿನಗಳ ಆದಾಯಕ್ಕೆ ಆಧಾರ ದೊರೆಯಿತಾದರೂ ವೃದ್ಧಾಪ್ಯದ ಆದಾಯದ ಪ್ರಶ್ನೆ ಹಾಗೆಯೇ ಉಳಿಯಿತು. ಆದುದರಿಂದ ಸ್ವಂತ ವಂತಿಗೆಯ ಯೋಜನೆಗಳೇ ಸದ್ಯದ ಮಾರ್ಗ.

3. ಲಭ್ಯವಿರುವ ಯೋಜನೆಗಳು

(ಅ) ಪ್ರಧಾನಮಂತ್ರಿ ಶ್ರಮಯೋಗಿ ಮಾನಧನ್ (2019): 18ರಿಂದ 40 ವರ್ಷ ವಯೋಮಿತಿಯ, ಮಾಸಿಕ ಆದಾಯ ರೂ. 15,000 ಮೀರದ ಅಸಂಘಟಿತ ಕಾರ್ಮಿಕರಿಗೆ. ವಯಸ್ಸಿಗನುಗುಣವಾಗಿ ಮಾಸಿಕ ವಂತಿಗೆ ರೂ. 55ರಿಂದ 200, ಕೇಂದ್ರ ಸರ್ಕಾರವೂ ಅಷ್ಟೇ ಮೊತ್ತವನ್ನು ಭರಿಸುತ್ತದೆ. 60 ವರ್ಷದ ನಂತರ ಮಾಸಿಕ ರೂ. 3,000 ದೊರೆಯುತ್ತದೆ. ಹೊಲಿಗೆ, ಆಟೋ ಚಾಲನೆ, ಕೂಲಿ ಮುಂತಾದ ಮೂಲ ವೃತ್ತಿಯುಳ್ಳ ಗೃಹರಕ್ಷಕರು ಇದನ್ನು ಪರಿಶೀಲಿಸಬಹುದು. ಆದರೆ ತಿಂಗಳಿಡೀ ಕರ್ತವ್ಯ ದೊರೆತು ಆದಾಯವು ಮಿತಿಯನ್ನು ದಾಟಿದವರು, ಆದಾಯ ತೆರಿಗೆ ಪಾವತಿಸುವವರು ಹಾಗೂ ಭವಿಷ್ಯ ನಿಧಿ ಸದಸ್ಯರು ಅರ್ಹರಾಗುವುದಿಲ್ಲ.

(ಆ) ಅಟಲ್ ಪಿಂಚಣಿ ಯೋಜನೆ (2015): ಇದಕ್ಕೂ ವಯೋಮಿತಿ 18ರಿಂದ 40 ವರ್ಷ. ರೂ. 15,000ದ ಆದಾಯ ಮಿತಿ ಇಲ್ಲ. ಆದರೆ 1-10-2022ರಿಂದ ಆದಾಯ ತೆರಿಗೆದಾರರು ಸೇರುವಂತಿಲ್ಲ. 60 ವರ್ಷದ ನಂತರ ಮಾಸಿಕ ರೂ. 1,000ದಿಂದ 5,000ದವರೆಗೆ ಖಾತರಿ ಪಿಂಚಣಿ ಲಭ್ಯ. ಚಂದಾದಾರರ ಮರಣಾನಂತರ ಪತಿ ಅಥವಾ ಪತ್ನಿಗೆ ಅದೇ ಮೊತ್ತ ಮುಂದುವರಿಯುತ್ತದೆ.

(ಇ) ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ: 40 ವರ್ಷ ದಾಟಿದ ಸಾರ್ವಜನಿಕರಿಗೂ ಮುಕ್ತವಾಗಿದೆ. ಇಲ್ಲಿ ಪಿಂಚಣಿಯ ಮೊತ್ತ ಖಾತರಿಯಲ್ಲ; ಹೂಡಿಕೆಯ ಗಳಿಕೆಯನ್ನು ಅವಲಂಬಿಸಿರುತ್ತದೆ.

4. ವಿಳಂಬದಿಂದಾಗುವ ನಷ್ಟ

ಅಟಲ್ ಯೋಜನೆಯಲ್ಲಿ ರೂ. 5,000 ಪಿಂಚಣಿಗೆ 25ನೇ ವಯಸ್ಸಿನಲ್ಲಿ ಸೇರಿದವರ ಮಾಸಿಕ ವಂತಿಗೆ ರೂ. 376, 35 ವರ್ಷಗಳಲ್ಲಿ ಪಾವತಿಸುವ ಒಟ್ಟು ಮೊತ್ತ ರೂ. 1,57,920. 35ನೇ ವಯಸ್ಸಿನಲ್ಲಿ ಸೇರಿದವರಿಗೆ ಮಾಸಿಕ ರೂ. 902, 25 ವರ್ಷಗಳಲ್ಲಿ ಒಟ್ಟು ರೂ. 2,70,600. ದೊರೆಯುವ ಪಿಂಚಣಿ ಒಂದೇ ಆದರೂ ಹತ್ತು ವರ್ಷಗಳ ವಿಳಂಬಕ್ಕೆ ರೂ. 1,12,680 ಹೆಚ್ಚುವರಿಯಾಗಿ ತೆರಬೇಕಾಗುತ್ತದೆ. 40 ವರ್ಷ ದಾಟಿದ ಮೇಲೆ ಈ ಎರಡೂ ಖಾತರಿ ಯೋಜನೆಗಳ ಬಾಗಿಲು ಮುಚ್ಚುತ್ತದೆ. ಪಿಂಚಣಿಯು ಬೆಲೆ ಏರಿಕೆಗೆ ತಕ್ಕಂತೆ ಹೆಚ್ಚುವುದಿಲ್ಲವಾದ್ದರಿಂದ ಇದರೊಂದಿಗೆ ಬೇರೆ ಉಳಿತಾಯವೂ ಅವಶ್ಯಕ.

5. ಅರ್ಜಿದಾರರ ಗಮನಕ್ಕೆ

ಶ್ರಮಯೋಗಿ ಮಾನಧನ್ ನೋಂದಣಿಗೆ ಆಧಾರ್ ಹಾಗೂ ಬ್ಯಾಂಕ್ ಪಾಸ್‌ಪುಸ್ತಕದೊಂದಿಗೆ ಸಾಮಾನ್ಯ ಸೇವಾ ಕೇಂದ್ರವನ್ನು, ಅಟಲ್ ಯೋಜನೆಗೆ ಉಳಿತಾಯ ಖಾತೆಯಿರುವ ಬ್ಯಾಂಕ್ ಅಥವಾ ಅಂಚೆ ಕಚೇರಿಯನ್ನು ಸಂಪರ್ಕಿಸತಕ್ಕದ್ದು. ನಾಮನಿರ್ದೇಶನವನ್ನು ತಪ್ಪದೇ ಭರ್ತಿ ಮಾಡುವುದು. ವಂತಿಗೆಯು ಖಾತೆಯಿಂದ ತಾನಾಗಿಯೇ ಕಡಿತವಾಗುವುದರಿಂದ, ಕರ್ತವ್ಯ ದೊರೆಯದ ತಿಂಗಳಿನಲ್ಲಿಯೂ ಖಾತೆಯಲ್ಲಿ ಆ ಮೊತ್ತ ಉಳಿದಿರುವಂತೆ ನೋಡಿಕೊಳ್ಳಲು ಕೋರಲಾಗಿದೆ.