ನಿದ್ರೆಯಲ್ಲಿ ಉಸಿರುಕಟ್ಟುವಿಕೆ: ರೋಗನಿರೋಧಕ ಶಕ್ತಿ ಮತ್ತು ಕ್ಯಾನ್ಸರ್ ಅಪಾಯದ ಕುರಿತು ಸಾರ್ವಜನಿಕರಿಗೆ ಮಾಹಿತಿ

ಜೋರಾದ ಗೊರಕೆಯನ್ನು ಗಾಢನಿದ್ರೆಯ ಲಕ್ಷಣವೆಂದು ಭಾವಿಸುವ ರೂಢಿ ಸಾರ್ವಜನಿಕರಲ್ಲಿ ಇರುತ್ತದೆ. ಆದರೆ ಗೊರಕೆಯ ನಡುವೆ ಉಸಿರು ನಿಂತು, ಕೆಲ ಕ್ಷಣಗಳ ನಂತರ ಏದುಸಿರಿನೊಂದಿಗೆ ಮರಳುತ್ತಿದ್ದಲ್ಲಿ ಅದು ಸ್ಲೀಪ್ ಆಪ್ನಿಯಾ ಎಂಬ ಕಾಯಿಲೆಯ ಚಿಹ್ನೆಯಾಗಿರಬಹುದು. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗವು ಮುಚ್ಚಿಕೊಳ್ಳುವುದೇ ಇದಕ್ಕೆ ಸಾಮಾನ್ಯ ಕಾರಣವಾಗಿರುತ್ತದೆ. ಗಂಟೆಗೆ 30 ಅಥವಾ ಅದಕ್ಕಿಂತ ಹೆಚ್ಚು ಬಾರಿ ಇಂತಹ ಅಡಚಣೆ ಉಂಟಾದಲ್ಲಿ ಕಾಯಿಲೆಯನ್ನು ತೀವ್ರ ಸ್ವರೂಪದ್ದೆಂದು ಪರಿಗಣಿಸಲಾಗುತ್ತದೆ. ದೆಹಲಿಯ ಏಮ್ಸ್ ಸಂಸ್ಥೆಯ ತಜ್ಞರು ದೇಶದ ವಿವಿಧ ಅಧ್ಯಯನಗಳನ್ನು ಒಗ್ಗೂಡಿಸಿ 2023 ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ಭಾರತದ ವಯಸ್ಕರಲ್ಲಿ ಸುಮಾರು ಶೇ. 11 ರಷ್ಟು ಮಂದಿಗೆ ಈ ಕಾಯಿಲೆ ಇರುತ್ತದೆ.

ಈ ಕಾಯಿಲೆಗೂ ಅಧಿಕ ರಕ್ತದೊತ್ತಡಕ್ಕೂ ಇರುವ ಸಂಬಂಧ ಹಳೆಯ ವಿಷಯ. ಹಗಲಿನ ತೂಕಡಿಕೆಯಿಂದ ಸಂಭವಿಸುವ ರಸ್ತೆ ಅಪಘಾತಗಳ ವಿಷಯವೂ ಹಾಗೆಯೇ. ಕ್ಯಾನ್ಸರ್ ಕುರಿತಾದ ಪ್ರಶ್ನೆಯು ವ್ಯಾಪಕ ಚರ್ಚೆಗೆ ಬಂದಿದ್ದು 2012 ರಲ್ಲಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 1,522 ಮಂದಿಯನ್ನು 22 ವರ್ಷಗಳ ಅವಧಿಯಲ್ಲಿ ಗಮನಿಸಿದ ಅಧ್ಯಯನವು, ತೀವ್ರ ಸ್ವರೂಪದ ಉಸಿರುಕಟ್ಟುವಿಕೆ ಇದ್ದವರಲ್ಲಿ ಕ್ಯಾನ್ಸರ್‌ನಿಂದ ಸಾಯುವ ಅಪಾಯವು ಕಾಯಿಲೆ ಇಲ್ಲದವರಿಗಿಂತ 4.8 ಪಟ್ಟು ಹೆಚ್ಚಿತ್ತೆಂದು ವರದಿ ಮಾಡಿತು. ಸದರಿ ಅಂಕಿಯು ಆತಂಕಕಾರಿಯಾಗಿ ಕಂಡರೂ, ಇಡೀ ಅಧ್ಯಯನದಲ್ಲಿ ಕ್ಯಾನ್ಸರ್‌ನಿಂದ ಸಂಭವಿಸಿದ ಸಾವುಗಳು 50 ಮಾತ್ರ ಎಂಬುದನ್ನು ಗಮನಿಸಬೇಕಾಗುತ್ತದೆ. ಇಷ್ಟು ಸಣ್ಣ ಸಂಖ್ಯೆಯನ್ನು ಆಧರಿಸಿದ ಲೆಕ್ಕವು ಸುಲಭವಾಗಿ ಏರುಪೇರಾಗುತ್ತದೆ.

ಏರುಪೇರು ಆಯಿತು ಕೂಡ. ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ನಿದ್ರಾ ಪರೀಕ್ಷೆಗೆ ಒಳಗಾದ 10,000 ಕ್ಕೂ ಹೆಚ್ಚು ಮಂದಿಯ ದಾಖಲೆಗಳನ್ನು ಪರಿಶೀಲಿಸಿ 2014 ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಉಸಿರು ನಿಂತ ಸಂಖ್ಯೆಗೂ ಕ್ಯಾನ್ಸರ್ ತಗಲುವುದಕ್ಕೂ ಸ್ವತಂತ್ರವಾದ ಸಂಬಂಧ ಕಂಡುಬರಲಿಲ್ಲ. ಆದರೆ ಅದೇ ಪ್ರಾಂತ್ಯದಿಂದ 2021 ರಲ್ಲಿ ಬಂದ ಮತ್ತಷ್ಟು ದೊಡ್ಡ ಅಧ್ಯಯನ ಹಾಗೂ ಸ್ಪೇನ್ ದೇಶದಲ್ಲಿ 4,910 ರೋಗಿಗಳನ್ನು ಗಮನಿಸಿ 2013 ರಲ್ಲಿ ಪ್ರಕಟಿಸಿದ ಅಧ್ಯಯನಗಳು ಬೇರೊಂದು ಅಂಶದತ್ತ ಬೆರಳು ಮಾಡಿವೆ. ಅದೆಂದರೆ, ರಾತ್ರಿಯಲ್ಲಿ ರಕ್ತದ ಆಮ್ಲಜನಕ ಪ್ರಮಾಣವು ಶೇ. 90 ಕ್ಕಿಂತ ಕೆಳಗೆ ಎಷ್ಟು ಹೊತ್ತು ಇತ್ತು ಎಂಬುದು. ವಿದ್ಯುತ್ ಎಷ್ಟು ಸಲ ಹೋಯಿತು ಎಂಬುದಕ್ಕಿಂತ ಒಟ್ಟು ಎಷ್ಟು ಹೊತ್ತು ಇರಲಿಲ್ಲ ಎಂಬುದೇ ರೈತನ ಪಂಪ್‌ಸೆಟ್ಟಿಗೆ ಮುಖ್ಯವಾಗುವ ಹಾಗೆ.

ರೋಗನಿರೋಧಕ ವ್ಯವಸ್ಥೆಯ ಪಾತ್ರ

ಆಮ್ಲಜನಕದ ಕೊರತೆಯನ್ನು ಜೀವಕೋಶಗಳು ಹೇಗೆ ಗ್ರಹಿಸುತ್ತವೆ ಎಂಬ ಶೋಧನೆಗೆ 2019 ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆತಿದೆ. ಕೊರತೆ ಉಂಟಾದಾಗ ಜೀವಕೋಶದಲ್ಲಿ ಹಿಫ್ ಎಂಬ ಪ್ರೋಟೀನ್ ಹೆಚ್ಚಾಗಿ, ಹೊಸ ರಕ್ತನಾಳಗಳು ಬೆಳೆಯಲು ಸಂದೇಶ ರವಾನೆಯಾಗುತ್ತದೆ. ಗಾಯ ಮಾಯಲು ನೆರವಾಗುವ ಈ ಕ್ರಿಯೆಯು ಗೆಡ್ಡೆಯ ಪೋಷಣೆಗೂ ನೆರವಾಗಬಲ್ಲದು. ಕ್ಯಾನ್ಸರ್ ಕೋಶಗಳ ಮೇಲೆ ದಾಳಿ ನಡೆಸುವ ಟಿ ಕೋಶಗಳಿಗೆ ದೇಹವೇ ಕೆಲವು ತಡೆಗಳನ್ನು ಇರಿಸಿರುತ್ತದೆ; ಆ ತಡೆಗಳ ಕುರಿತ ಸಂಶೋಧನೆಗೆ 2018 ರ ನೊಬೆಲ್ ಸಂದಿತ್ತು. ತೀವ್ರ ಉಸಿರುಕಟ್ಟುವಿಕೆ ಇರುವ ರೋಗಿಗಳ ರಕ್ತಕೋಶಗಳಲ್ಲಿ ಇದೇ ಬಗೆಯ ತಡೆ ಹೆಚ್ಚಾಗಿರುವುದನ್ನು ಸ್ಪೇನಿನ ಸಂಶೋಧಕರು 2017 ರಲ್ಲಿ ವರದಿ ಮಾಡಿದ್ದಾರೆ. ಇಲಿಗಳಲ್ಲಿ ಆಮ್ಲಜನಕವನ್ನು ಪದೇ ಪದೇ ಇಳಿಸಿ ಏರಿಸಿದಾಗ ಮೆಲನೋಮಾ ಗೆಡ್ಡೆಗಳು ಶೀಘ್ರವಾಗಿ ಬೆಳೆದಿರುವುದೂ ದಾಖಲಾಗಿದೆ. ಆದರೆ ಪ್ರಯೋಗಾಲಯದ ಇಲಿಯ ಫಲಿತಾಂಶವು ಮನುಷ್ಯನಿಗೆ ಹಾಗೆಯೇ ಅನ್ವಯಿಸತಕ್ಕದ್ದಲ್ಲ.

ಮತ್ತೊಂದು ತೊಡಕು ಸ್ಥೂಲಕಾಯದ್ದು. ಸ್ಥೂಲಕಾಯವು ಉಸಿರುಕಟ್ಟುವಿಕೆಗೆ ಪ್ರಮುಖ ಕಾರಣವಾಗಿದ್ದು, 13 ಬಗೆಯ ಕ್ಯಾನ್ಸರ್‌ಗಳ ಅಪಾಯವನ್ನೂ ಹೆಚ್ಚಿಸುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2016 ರಲ್ಲಿ ತಿಳಿಸಿದೆ. ಧೂಮಪಾನ ಮತ್ತು ವಯಸ್ಸು ಕೂಡ ಲೆಕ್ಕದಲ್ಲಿ ಬೆರೆತುಹೋಗುತ್ತವೆ. ಅಧ್ಯಯನಕಾರರು ಇವುಗಳನ್ನು ಬೇರ್ಪಡಿಸಲು ಯತ್ನಿಸಿದ್ದರೂ ಪೂರ್ಣವಾಗಿ ಬೇರ್ಪಡಿಸುವುದು ಕಷ್ಟಸಾಧ್ಯ. ಹೀಗಾಗಿ ಸಂಬಂಧವಿರುವುದು ಸಂಭವನೀಯವೇ ಹೊರತು, ಉಸಿರುಕಟ್ಟುವಿಕೆಯೇ ಕ್ಯಾನ್ಸರ್‌ಗೆ ಕಾರಣವೆಂಬುದು ಸಾಬೀತಾಗಿರುವುದಿಲ್ಲ. ಗಾಳಿಯ ಒತ್ತಡ ನೀಡುವ ಸಿಪ್ಯಾಪ್ ಯಂತ್ರದ ಬಳಕೆಯಿಂದ ಕ್ಯಾನ್ಸರ್ ಕಡಿಮೆಯಾಗುತ್ತದೆ ಎಂಬುದಕ್ಕೂ ದೃಢವಾದ ಪುರಾವೆ ಲಭ್ಯವಿಲ್ಲ. ಅಂತಹ ಭರವಸೆಯೊಂದಿಗೆ ಯಂತ್ರ ಮಾರುವವರ ಮಾತನ್ನು ನಂಬಬೇಕಾಗಿಲ್ಲ. ಹಗಲಿನ ತೂಕಡಿಕೆ ನಿವಾರಣೆ ಮತ್ತು ರಕ್ತದೊತ್ತಡದ ಇಳಿಕೆಗೆ ಯಂತ್ರದ ಪ್ರಯೋಜನ ಇದ್ದೇ ಇದೆ. ಈಗಾಗಲೇ ಬಳಸುತ್ತಿರುವವರು ವೈದ್ಯರ ಸಲಹೆ ಇಲ್ಲದೆ ನಿಲ್ಲಿಸಬಾರದು.

ನಾಗರಿಕರು ಗಮನಿಸಬೇಕಾದ ಅಂಶಗಳು

ನಿದ್ರಾ ಪರೀಕ್ಷೆಗೆ ಒಳಗಾದವರು ವರದಿಯಲ್ಲಿ ಉಸಿರು ನಿಂತ ಸಂಖ್ಯೆಯ ಜೊತೆಗೆ ಆಮ್ಲಜನಕವು ಶೇ. 90 ಕ್ಕಿಂತ ಕೆಳಗಿದ್ದ ಅವಧಿಯನ್ನೂ ವೈದ್ಯರಲ್ಲಿ ಕೇಳಿ ತಿಳಿದುಕೊಳ್ಳಬಹುದಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನಿದ್ರಾ ತೊಂದರೆಗಳ ಪರೀಕ್ಷೆಯ ವ್ಯವಸ್ಥೆ ಇರುತ್ತದೆ. ಗೊರಕೆಯ ನಡುವಿನ ಉಸಿರಾಟದ ನಿಲುಗಡೆಯು ರೋಗಿಗೆ ತಿಳಿಯದ ಕಾರಣ, ತಪಾಸಣೆಗೆ ತೆರಳುವಾಗ ಅದನ್ನು ಕಂಡ ಮನೆಯವರು ಜೊತೆಯಲ್ಲಿದ್ದರೆ ಅನುಕೂಲ. ಈ ಕಾಯಿಲೆ ಇರುವವರಿಗೆಂದೇ ಪ್ರತ್ಯೇಕ ಕ್ಯಾನ್ಸರ್ ತಪಾಸಣೆಯ ಅಗತ್ಯವಿರುವುದಿಲ್ಲ. 30 ವರ್ಷ ಮೇಲ್ಪಟ್ಟ ಎಲ್ಲರಿಗೂ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಬಾಯಿಯ ಕ್ಯಾನ್ಸರ್, ಮಹಿಳೆಯರಿಗೆ ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆ ಅವಕಾಶವಿದ್ದು, ರಕ್ತದೊತ್ತಡ ಹಾಗೂ ಮಧುಮೇಹವನ್ನೂ ಅಲ್ಲಿಯೇ ಪರೀಕ್ಷಿಸಿಕೊಳ್ಳಬಹುದಾಗಿದೆ.